ನಿಂಬೆಹಣ್ಣಿನ ಮೇಲೆ ಹಾಕಿದ ತಪ್ಪು

ಗಾಡಿ ನಡುಗುತ್ತದೆ ಎಂದು ಯಾರಾದರೂ ಬಂದರೆ ಕೂಡಲೇ ಬಾನೆಟ್ ಎತ್ತಬೇಡಿ. ಬಂದವರನ್ನು ಕೂರಿಸಿ, ಚಾ ತರಿಸಿ, ಯಾವಾಗ ನಡುಗುತ್ತದೆ ಎಂದು ಕೇಳಿ. ಅವರು "ಯಾವಾಗಲೂ" ಎನ್ನುತ್ತಾರೆ. ಅದನ್ನು ನಂಬಬೇಡಿ. ಯಾವ ಗಾಡಿಯೂ ಯಾವಾಗಲೂ ನಡುಗುವುದಿಲ್ಲ. ಯಾವಾಗಲೂ ನಡುಗುವುದು ಹೊಸದಾಗಿ ಡ್ರೈವಿಂಗ್ ಕಲಿಯುವವರ ಕಾಲು ಮಾತ್ರ.

ಕಟಪಾಡಿಯ ಹೆದ್ದಾರಿ ಬದಿಯ ಗ್ಯಾರೇಜೊಂದಕ್ಕೆ ನಾನು ಹತ್ತನೆಯ ತರಗತಿ ಮುಗಿಸಿದ ವರ್ಷ ಸೇರಿದೆ, ಮಂಡಿ ಎರಡೂ ಕೈಕೊಟ್ಟ ವರ್ಷ ಬಿಟ್ಟೆ. ನಡುವೆ ಹೆಲ್ಪರ್ ಆಗಿದ್ದವನು ಹೆಡ್ ಮೆಕ್ಯಾನಿಕ್ ಆದ ಕಥೆಯಲ್ಲಿ ಹೇಳುವಂಥದ್ದೇನೂ ಇಲ್ಲ. ನನಗಿಂತ ಮೇಲಿದ್ದವರು ಒಬ್ಬೊಬ್ಬರಾಗಿ ಗಲ್ಫಿಗೆ ಹೋದರು, ಅಷ್ಟೆ. ಈಗ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವವರು "ನಿಮ್ಮ ಅನುಭವ ಬರೆದುಕೊಡಿ ಶೇಖರಣ್ಣ" ಎಂದು ಕೇಳಿದ್ದಾರೆ. ಬರೆಯುತ್ತೇನೆ. ಆದರೆ ಅನುಭವ ಎಂದು ಅವರು ಯಾವುದನ್ನು ಕರೆಯುತ್ತಾರೋ ಅದರಲ್ಲಿ ಅರ್ಧ ನನ್ನ ತಪ್ಪುಗಳೇ. ಅದರಲ್ಲಿ ಒಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಬಾಯಲ್ಲಿ ಹೇಳಿ ನೋಡಿದೆ, ಅದು ಕೆಲಸ ಮಾಡಲಿಲ್ಲ. ಮಾತುಕತೆಯೆಲ್ಲ ನಡೆದದ್ದು ತುಳುವಿನಲ್ಲಿ. ಎಲ್ಲರೂ ಓದಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ಗ್ಯಾರೇಜಿನ ಯಜಮಾನರು ವಿಟ್ಠಲ ಮೇಸ್ತ್ರಿ. ಅವರ ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಒಂದು ಬೀಡಿ ತೂರುವಷ್ಟೇ ಜಾಗ ಇರುತ್ತಿತ್ತು. ನಡುಕ ಹಿಡಿಯುವುದನ್ನು ನನಗೆ ಕಲಿಸಿದವರು ಅವರೇ. ಅವರ ಪಾಠ ಇಷ್ಟೇ:

"ಕೈಗೆ ಬಂದರೆ ಮುಂದೆ. ಕುಂಡೆಗೆ ಬಂದರೆ ಹಿಂದೆ. ಬ್ರೇಕ್ ಒತ್ತುವಾಗ ಬಂದರೆ ಡ್ರಮ್ಮು. ಏರಿನಲ್ಲಿ ಎಳೆಯುವಾಗ ಬಂದರೆ ಶಾಫ್ಟಿನ ಜಾಯಿಂಟು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದನ್ನು ಮೈಗೆ ಬಿಡು. ಮಂಡೆಗೆ ಕೊಡಬೇಡ."

"ಹೆಂಗಸರು ಗಿರಾಕಿ ಇರುವಾಗ ಎರಡನೆಯದನ್ನು ಎಂತ ಹೇಳುವುದು ಮೇಸ್ತ್ರಿ?"

"ಸೀಟು ಅಂತ ಹೇಳು. ಅವರಿಗೆ ಅರ್ಥ ಆಗ್ತದೆ. ಅವರಿಗೂ ಉಂಟಲ್ಲ."

ಈ ಪಾಠ ಇಂದಿಗೂ ಸುಳ್ಳಾಗಿಲ್ಲ. ನಡುಕ ಮುಂದಿನ ಚಕ್ರದಲ್ಲಿದ್ದರೆ ಸ್ಟೀರಿಂಗ್ ಅಲ್ಲಾಡುತ್ತದೆ, ಹಿಂದಿನದರಲ್ಲಿದ್ದರೆ ಸೀಟು ಅಲ್ಲಾಡುತ್ತದೆ. ಕ್ಲಚ್ ಒತ್ತಿ ಗಾಡಿಯನ್ನು ಅದರ ಪಾಡಿಗೆ ಉರುಳಲು ಬಿಟ್ಟಾಗಲೂ ನಡುಗಿದರೆ ಇಂಜಿನ್ ಪಾಪ, ಅದರದ್ದೇನೂ ಇಲ್ಲ. ವೇಗ ನೋಡಲು ನಾವು ಕಾಪುವಿನ ಕಡೆ ಹೆದ್ದಾರಿಯಲ್ಲಿ ಹೋಗುತ್ತಿದ್ದೆವು, ಎಳೆತ ನೋಡಲು ಕಡಿಯಾಳಿ ದಾಟಿ ಮಣಿಪಾಲದ ಏರು ಹತ್ತುತ್ತಿದ್ದೆವು. ಬೇರೆಯವರು ಓಡಿಸುವಾಗ ನಾನು ಕಣ್ಣು ಮುಚ್ಚಿ, ಎರಡು ಅಂಗೈಯನ್ನೂ ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂರುತ್ತಿದ್ದೆ. ಆ ದಾರಿಯಲ್ಲಿ ಆಸ್ಪತ್ರೆಗೆ ಹೋಗುವ ಗಾಡಿಗಳೇ ಹೆಚ್ಚು. ನನ್ನನ್ನು ನೋಡಿ ಯಾರಿಗೋ ಸೀರಿಯಸ್ ಎಂದುಕೊಂಡು ಬಸ್ಸಿನವರು ಕೂಡ ದಾರಿ ಬಿಟ್ಟದ್ದುಂಟು.

ಮೊದಲು ನನಗೆ ಹೆಸರು ಬಂದದ್ದು ಕಾರ್ಕಳದ ಒಂದು ಪಿಕಪ್‌ನಿಂದ. ಅದು ಕೆಂಪುಕಲ್ಲು ಸಾಗಿಸುವ ಗಾಡಿ. ಅರವತ್ತರ ಹತ್ತಿರ ಹೋದರೆ ಸೀಟು ನಡುಗುತ್ತಿತ್ತು. ಸೀಟು ಎಂದರೆ ಹಿಂದೆ. ಶಾಫ್ಟಿನ ಜಾಯಿಂಟ್ ಬದಲಿಸಿದೆ. ನಡುಗಿತು. ಶಾಫ್ಟಿನ ನಡುವಿನ ಬೇರಿಂಗ್ ಬದಲಿಸಿದೆ. ಇನ್ನೂ ಚೆನ್ನಾಗಿ ನಡುಗಿತು. ಟಯರ್ ಹೊಸತಾಗಿದ್ದದ್ದರಿಂದ ಆ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ, ಇನ್ನು ಬದಲಿಸಲು ಡ್ರೈವರ್ ಒಬ್ಬನೇ ಬಾಕಿ ಎನ್ನುವಾಗ, ಅವನೇ ನಗುತ್ತ ಬಂದ.

"ಶೇಖರಣ್ಣ, ನಿಮ್ಮ ಬೇರಿಂಗ್ ಭಾರೀ ಒಳ್ಳೆದು ಮಾರಾಯ್ರೆ. ಸ್ವಲ್ಪ ದಿನ ಕಳೆದ ಮೇಲೆ ನಡುಕ ಪೂರಾ ಹೋಯ್ತು."

"ನಡುವೆ ಗಾಡಿಗೆ ಎಂತಾದರೂ ಮಾಡಿದೆಯಾ?"

"ಎಂತ ಇಲ್ಲ. ಹೊಳೆಗೆ ಇಳಿಸಿ ತೊಳೆದೆ, ಅಷ್ಟೆ."

ಕಲ್ಲಿನ ಕೋರೆಯ ಕೆಂಪು ಮಣ್ಣು ಹಿಂದಿನ ಚಕ್ರದ ಡಿಸ್ಕಿನ ಒಳಬದಿಗೆ ಒಂದೇ ಕಡೆ ಮೆತ್ತಿ, ಒಣಗಿ, ಇಟ್ಟಿಗೆಯಂತಾಗಿತ್ತು. ಚಕ್ರ ತಿರುಗುವಾಗ ಆ ಭಾರವೇ ಗಾಡಿಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ನನಗೆ ಕೂಡಲೇ ಅರ್ಥವಾಯಿತು. ಬಾಯಿ ಮಾತ್ರ ಬೇರೆ ಹೇಳಿತು. "ಹೊಸ ಬೇರಿಂಗ್ ಅಲ್ವಾ, ಕೂತುಕೊಳ್ಳಲಿಕ್ಕೆ ಸಮಯ ಬೇಕು."

ಒಳಗಿನಿಂದ ಮೇಸ್ತ್ರಿ ಕೇಳಿದರು: "ಬೇರಿಂಗ್ ಸ್ನಾನ ಮುಗಿಸಿ ಬಂದು ಕೂತಿತಾ?"

ಡ್ರೈವರಿಗೆ ಅದು ಅರ್ಥವಾಗಲಿಲ್ಲ. ಅವನು ಊರಿಗೆ ಹೋಗಿ, ಕಟಪಾಡಿಯಲ್ಲಿ ಒಬ್ಬ ಇದ್ದಾನೆ, ಕುಂಡೆಯಲ್ಲೇ ರೋಗ ಹೇಳುತ್ತಾನೆ ಎಂದು ಸಾರಿದ. ಕಾರ್ಕಳದ ಗಾಡಿಗಳೆಲ್ಲ ನನ್ನನ್ನು ಹುಡುಕಿಕೊಂಡು ಬರತೊಡಗಿದವು. ನಡುಕದ ಗಾಡಿ ಬಂದರೆ ಮೊದಲು ಚಕ್ರದ ಒಳಬದಿ ತೊಳೆದು ನೋಡಿ. ಇದು ನಿಮಗೆ ಹೇಳುವ ಪಾಠ. ಮಾಡದ ಕೆಲಸಕ್ಕೂ ಹೆಸರು ಬರುತ್ತದೆ ಎಂಬುದು ನಾನು ಕಲಿತ ಪಾಠ. ಅದನ್ನು ಕಲಿಯದೆ ಇದ್ದಿದ್ದರೆ ಒಳ್ಳೆಯದಿತ್ತು.

ಇನ್ನೊಮ್ಮೆ ಹೂಡೆಯಿಂದ ಗಂಡ ಹೆಂಡತಿ ಇಬ್ಬರು ಬಂದರು. ಹೆಂಡತಿ "ಗಾಡಿ ನಡುಗ್ತದೆ" ಎಂದರು. ಗಂಡ "ಇವಳಿಗೆ ಸುಮ್ಮನೆ" ಎಂದರು. ನಾನು ಒಬ್ಬನೇ ಗಾಡಿಯನ್ನು ಉದ್ಯಾವರದವರೆಗೆ ಓಡಿಸಿಕೊಂಡು ಬಂದೆ. ಬೆಣ್ಣೆಯ ಹಾಗಿತ್ತು.

"ಏನೂ ಇಲ್ಲ" ಎಂದೆ. ಗಂಡ ಹೆಂಡತಿಯ ಕಡೆ ನೋಡಿದ ನೋಟದಲ್ಲಿ ಹಳೆಯ ಎಷ್ಟೋ ಜಗಳ ಗೆದ್ದ ಸಂತೋಷ ಇತ್ತು.

"ನಾನು ಕೂರುವ ಜಾಗದಲ್ಲಿ ಒಮ್ಮೆ ಕೂತು ನೋಡಿ" ಎಂದರು ಆಕೆ.

ಗಂಡ ಓಡಿಸಿದರು, ನಾನು ಎಡಬದಿಯ ಸೀಟಿನಲ್ಲಿ ಕೂತೆ. ಹೆದ್ದಾರಿ ಹತ್ತುವಷ್ಟರಲ್ಲಿ ನನ್ನ ಹಲ್ಲು ಒಂದಕ್ಕೊಂದು ಹೊಡೆಯತೊಡಗಿತು. ಆ ಸೀಟಿನ ಅಡಿಯ ಬೋಲ್ಟು ತುಂಡಾಗಿ, ಇಡೀ ಸೀಟು ಒಂದು ಕಾಲಿನ ಮೇಲೆ ನಿಂತಿತ್ತು. ವಾಪಸ್ಸು ಬಂದು ಇಳಿದಾಗ ನನ್ನ ಬಾಯಿಂದ "ಹೌದು" ಎನ್ನುವುದೂ ಎರಡು ತುಂಡಾಗಿ ಬಂತು.

ಆಕೆ ಗಂಡನಿಗೆ ಹೇಳಿದರು: "ನೋಡಿ, ಮೆಕ್ಯಾನಿಕ್ಕಿಗೂ ಸುಮ್ಮನೆ ಆಗ್ತಾ ಉಂಟು."

ದೂರು ಹೇಳುವವರು ಕೂರುವ ಜಾಗದಲ್ಲಿ ಕೂತು ನೋಡಿ. ಇದನ್ನು ನಾನು ಆಮೇಲೆ ಎಲ್ಲರಿಗೂ ಹೇಳಿಕೊಟ್ಟೆ. ಕೂರಬೇಕಾಗಿದ್ದ ಒಂದು ಜಾಗದಲ್ಲಿ ಮಾತ್ರ ನಾನೇ ಕೂರಲಿಲ್ಲ.

ಈಗ ಮಣಿಪಾಲದ ಕಡೆ ಸರ್ವೀಸ್ ಸೆಂಟರುಗಳಲ್ಲಿ ಮೆಷಿನು ಬಂದಿದೆ. ಗಾಡಿಯ ಅಡಿಗೆ ಎರಡು ಮೂರು ಕಡೆ ಗುಂಡಿಯಂಥದ್ದನ್ನು ಅಂಟಿಸಿ ಓಡಿಸಿದರೆ ಲ್ಯಾಪ್‌ಟಾಪಿನಲ್ಲಿ ಗೆರೆ ಏಳುತ್ತದೆ. ಚಕ್ರವೋ, ಶಾಫ್ಟೋ, ಇಂಜಿನೋ ಎಂದು ಅದೇ ಹೇಳುತ್ತದೆ. ಹಳಬರು ಅದನ್ನು ನೋಡಿ ನಗುತ್ತಾರೆ. ನಾನು ನಗುವುದಿಲ್ಲ. ನನ್ನ ಮೈಗಿಂತ ಅದು ಒಳ್ಳೆಯದು. ಹೆಸರು ಕೆಡುತ್ತದೆ ಎಂಬ ಹೆದರಿಕೆ ಅದಕ್ಕಿಲ್ಲ.

ಕಾಪುವಿನಲ್ಲಿ ವಸಂತಿ ಅಕ್ಕ ಎಂದು ಮೀನಿನ ವ್ಯಾಪಾರ ಮಾಡುವವರು ಇದ್ದರು, ಈಗಲೂ ಇದ್ದಾರೆ. ಬುಟ್ಟಿ ಹೊತ್ತು ಶುರುಮಾಡಿ, ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡು ಕಾರ್ಕಳದವರೆಗೆ ಮೀನು ಕಳಿಸುವಷ್ಟು ಬೆಳೆದವರು. ಮಾತು ಜೋರು. ಅವರ ಗಾಡಿಗೆ ಲ್ಯಾನ್ಸಿ ಎಂಬ ಡ್ರೈವರ್ ಇದ್ದ. ಕಟಪಾಡಿಯಲ್ಲೇ ಮನೆ. ತೆಳ್ಳಗೆ, ಮೆಲ್ಲಗೆ ಮಾತಾಡುವವನು. ಆ ವರ್ಷ ಅವನಿಗೆ ಮದುವೆ ನಿಶ್ಚಯವಾಗಿತ್ತು. ಹೆಣ್ಣಿನ ಕಡೆಯವರು "ಖಾಯಂ ಕೆಲಸ ಉಂಟಾ?" ಎಂದು ಕೇಳಿ, ವಸಂತಿ ಅಕ್ಕನ ಗಾಡಿಯನ್ನು ಕಣ್ಣಾರೆ ನೋಡಿಯೇ ಒಪ್ಪಿದ್ದರು.

ಆಯುಧ ಪೂಜೆಯ ಹಿಂದಿನ ದಿನ ಆ ಪಿಕಪ್ ನಮ್ಮಲ್ಲಿ ಬ್ರೇಕಿನ ಕೆಲಸಕ್ಕೆ ಬಂದಿತ್ತು. ನಾನು ಮುಂದಿನ ಎಡ ಚಕ್ರ ಬಿಚ್ಚಿ, ಕೆಲಸ ಮುಗಿಸಿ, ಚಕ್ರ ಕೂರಿಸಿ ನಟ್ಟುಗಳನ್ನು ಕೈಯಲ್ಲೇ ತಿರುಗಿಸಿಟ್ಟೆ. ಜಾಕ್ ಇಳಿಸಿ, ಚಕ್ರ ನೆಲಕ್ಕೆ ಕೂತ ಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡುವುದು ಕ್ರಮ. ಜಾಕ್ ಇಳಿಸಿದೆ. ಸ್ಪ್ಯಾನರಿಗೆ ಕೈ ಚಾಚಿದರೆ ಸ್ಪ್ಯಾನರ್ ಇಲ್ಲ.

"ಸಾಮಾನೆಲ್ಲ ತೊಳೆಯಲಿಕ್ಕೆ ಹೋಯ್ತು" ಎಂದು ಮೇಸ್ತ್ರಿ ಕೂಗಿದರು. "ದೀಪ ಹಚ್ಚುವ ಮೊದಲು ಎಲ್ಲ ಬಾಳೆಲೆ ಮೇಲೆ ಬರಬೇಕು. ಬಾ, ಬಾ, ಕುಂಕುಮ ಇಡು."

ಗ್ಯಾರೇಜಿನಲ್ಲಿ ಇಡೀ ವರ್ಷ ಒದೆ ತಿನ್ನುವ ಸ್ಪ್ಯಾನರುಗಳಿಗೆ ಆ ದಿನ ಬರುವ ಮರ್ಯಾದೆ ಮದುಮಗನಿಗೂ ಇಲ್ಲ. ಸೀಮೆಎಣ್ಣೆಯಲ್ಲಿ ಅದ್ದಿ, ಸಾಬೂನು ಹಾಕಿ ತೊಳೆದು, ಬಾಳೆಲೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಗೊಂಡೆ ಹೂ ಇಡುತ್ತೇವೆ. ಒಮ್ಮೆ ಇಟ್ಟ ಮೇಲೆ ಪೂಜೆ ಮುಗಿದು ಮರುದಿನ ತೆಗೆಯುವವರೆಗೆ ಮುಟ್ಟುವಂತಿಲ್ಲ. ನಾನು ಆ ವೀಲ್ ಸ್ಪ್ಯಾನರಿಗೆ ನನ್ನ ಕೈಯಾರೆ ಕುಂಕುಮ ಇಟ್ಟೆ. ಇಟ್ಟವನು ಅದು ಯಾಕೆ ಬೇಕಿತ್ತು ಎಂಬುದನ್ನು ಮರೆತೆ.

ಮರುದಿನ ಬೆಳಿಗ್ಗೆ ಭರ್ಜರಿ ಪೂಜೆ. ಗಾಡಿಗಳಿಗೆ ಹೂಮಾಲೆ, ಬಾಳೆಕಂದು. ವಸಂತಿ ಅಕ್ಕ ಪಟ್ಟೆಸೀರೆ ಉಟ್ಟು ಬಂದು ತಮ್ಮ ಪಿಕಪ್‌ನ ನಾಲ್ಕು ಚಕ್ರಕ್ಕೂ ತಾವೇ ನಿಂಬೆಹಣ್ಣು ಇಟ್ಟರು. ಲ್ಯಾನ್ಸಿ ಮೆಲ್ಲನೆ ಮುಂದಕ್ಕೆ ಬಿಟ್ಟ. ನಿಂಬೆಹಣ್ಣು ಚಟಪಟ ಒಡೆದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಹೊರಟು ಹೋದರು. ನಾವು ಅವಲಕ್ಕಿ ತಿನ್ನಲು ಕೂತೆವು.

ಅವಲಕ್ಕಿ ಮುಗಿಯುವ ಮೊದಲೇ ಗಾಡಿ ವಾಪಸ್ಸು ಬಂತು. ಅಕ್ಕ ಇಳಿಯುತ್ತಲೇ ಶುರುಮಾಡಿದರು.

"ಎಂತ ಮೇಸ್ತ್ರಿ ನಿಮ್ಮ ರಿಪೇರಿ? ಗಾಡಿ ಗಡಗಡ ನಡುಗ್ತದೆ. ನಾನು ಹೇಳ್ತೇನೆ, ಇದು ಗಾಡಿಯದ್ದಲ್ಲ, ಇವನದ್ದು. ಕಂಬಳದ ಕೋಣ ಓಡಿಸಿದ ಹಾಗೆ ಓಡಿಸ್ತಾನೆ."

"ನಾನು ಮೂವತ್ತರಲ್ಲಿ ಬಂದದ್ದು ಅಕ್ಕಾ" ಎಂದ ಲ್ಯಾನ್ಸಿ.

"ಮೂವತ್ತರಲ್ಲಿ ಹೀಗಾದರೆ ಅರವತ್ತರಲ್ಲಿ ನನ್ನ ಮೀನು ಜೀವ ಬಂದು ಹಾರಿ ಹೋಗ್ತದೆ. ಶೇಖರಣ್ಣ, ನೀವೇ ಓಡಿಸಿ ನೋಡಿ. ಗಾಡಿಯಲ್ಲಿ ದೋಷ ಇದ್ದರೆ ಸರಿ. ಇಲ್ಲದಿದ್ದರೆ ನಾಳೆಯಿಂದ ಇವನು ಬರುವುದು ಬೇಡ. ನನ್ನ ತಂಗಿಯ ಮಗ ಲೈಸೆನ್ಸ್ ಹಿಡಿದುಕೊಂಡು ಕೂತಿದ್ದಾನೆ."

ಲ್ಯಾನ್ಸಿ ನನ್ನ ಮುಖ ನೋಡಿದ. ಮೇಸ್ತ್ರಿ ಬಾಯಿತುಂಬ ಅವಲಕ್ಕಿ ಇಟ್ಟುಕೊಂಡೇ ಹೇಳಿದರು: "ಹೆದರಬೇಡಿ ಅಕ್ಕಾ. ಇವತ್ತು ಸಾಮಾನು ಮುಟ್ಟುವ ಹಾಗಿಲ್ಲ. ಆದರೆ ಶೇಖರನಿಗೆ ಸಾಮಾನು ಬೇಡ. ಅವನ ಸಾಮಾನು ಅವನ ಜೊತೆಗೇ ಉಂಟು."

ನಾನು ಸ್ಟೀರಿಂಗ್ ಹಿಡಿದೆ. ಲ್ಯಾನ್ಸಿ ನಡುವೆ, ಗೇರಿನ ಎರಡು ಬದಿಗೂ ಕಾಲು ಚಾಚಿ ಕೂತ. ಅಕ್ಕ ಕಿಟಕಿ ಬದಿ. ಕಾಪುವಿನ ಕಡೆ ಹೊರಟೆವು. ನಾಲ್ಕು ಮಾರು ಹೋಗುವಷ್ಟರಲ್ಲಿ ಸ್ಟೀರಿಂಗ್ ಕೈಯಲ್ಲಿ ತಕತಕ ಕುಣಿಯತೊಡಗಿತು. ಕೈಗೆ ಬಂದರೆ ಮುಂದೆ. ಬಲಕ್ಕೆ ತಿರುಗಿಸಿದಾಗ ಹೆಚ್ಚಿತು, ಎಂದರೆ ಭಾರ ಬೀಳುವ ಎಡ ಚಕ್ರ. ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಡುತ್ತಿದ್ದೆ. ಆಗ ಎಡಗಡೆಯಿಂದ ಟಕ್ ಟಕ್ ಎಂದು ಸದ್ದು ಬಂತು. ಆ ಸದ್ದಿನ ಜೊತೆಗೇ ಬಾಳೆಲೆ, ಗೊಂಡೆ ಹೂ, ಕುಂಕುಮ ಇಟ್ಟ ವೀಲ್ ಸ್ಪ್ಯಾನರ್ ಎಲ್ಲ ಕಣ್ಣೆದುರು ಬಂದು ನಿಂತವು.

ನಡುಗುತ್ತಿರುವ ಗಾಡಿಯಲ್ಲಿ ನಾನೂ ನಡುಗತೊಡಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಸರಿಯಾದ ಮನುಷ್ಯನಾಗಿದ್ದರೆ ಅಲ್ಲೇ ಬದಿಗೆ ನಿಲ್ಲಿಸಿ "ಅಕ್ಕಾ, ಇಳಿಯಿರಿ, ಚಕ್ರ ಬೀಳ್ತದೆ, ತಪ್ಪು ನನ್ನದು" ಎನ್ನುತ್ತಿದ್ದ. ಮೂರು ಜೀವಕ್ಕಿಂತ ಹೆಸರು ದೊಡ್ಡದಾಗಿ ಕಂಡವನು ನಾನು. ಗಾಡಿ ತಿರುಗಿಸಿ ನಡೆದುಕೊಂಡು ಹೋಗುವವರ ವೇಗದಲ್ಲಿ ಕಟಪಾಡಿಗೆ ಬಿಟ್ಟೆ.

"ಎಂತ ಇಷ್ಟು ಮೆಲ್ಲ?" ಎಂದರು ಅಕ್ಕ. "ಹಿಂದಿನಿಂದ ಸೈಕಲಿನವ ಬೆಲ್ ಹೊಡೀತಾ ಇದ್ದಾನೆ."

"ಕೇಳ್ತಾ ಇದ್ದೇನೆ ಅಕ್ಕಾ. ಮೆಲ್ಲ ಹೋದರೆ ಚೆನ್ನಾಗಿ ಕೇಳ್ತದೆ."

"ಹೊಟ್ಟೆಯ ಮಗುವನ್ನು ನೋಡುವ ಡಾಕ್ಟರೂ ಇಷ್ಟು ಹೊತ್ತು ಕೇಳುವುದಿಲ್ಲ."

ಈಗ ನನಗೆ ಬೇಕಾಗಿದ್ದದ್ದು ಒಂದೇ ಒಂದು ವೀಲ್ ಸ್ಪ್ಯಾನರ್. ಗಾಡಿಯದ್ದೇ ಒಂದು ಇತ್ತು. ಅದನ್ನೂ ಪೂಜೆಗೆ ಇಟ್ಟಿದ್ದೆವು. ದಾರಿ ಬದಿಯ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದೆ. ಅಂಗಡಿಯವನು ಹಣೆತುಂಬ ಗಂಧ ಬಳಿದುಕೊಂಡು, ಒಳಗೆ ಹೂವಿನಡಿ ಮಲಗಿದ್ದ ಸ್ಪ್ಯಾನರನ್ನು ತೋರಿಸಿ ಕೈಮುಗಿದ. ಮುಂದಿನ ಅಂಗಡಿಯಲ್ಲೂ ಅದೇ. ಊರಿನ ಕಬ್ಬಿಣವೆಲ್ಲ ಆ ದಿನ ದೇವರಾಗಿತ್ತು.

"ಎಂತ ಹುಡುಕ್ತಾ ಇದ್ದೀರಿ ಶೇಖರಣ್ಣ?" ಲ್ಯಾನ್ಸಿ ಕೇಳಿದ.

"ಒಂದು ವೀಲ್ ಸ್ಪ್ಯಾನರ್. ಸುಮ್ಮನೆ. ತಟ್ಟಿ ನೋಡಲಿಕ್ಕೆ."

"ನಮ್ಮ ಮನೆಯಲ್ಲಿ ಉಂಟಲ್ಲ. ನಮ್ಮ ಸ್ಪ್ಯಾನರಿಗೆ ಇವತ್ತು ರಜೆ ಇಲ್ಲ."

ಇಗರ್ಜಿ, ಎಂದರೆ ಚರ್ಚಿನ ಹಿಂದಿನ ಓಣಿಯಲ್ಲಿ ಅವನ ಮನೆ. ಅವನ ತಾಯಿ ಅಕ್ಕನನ್ನು ನೋಡಿ ಸಂಭ್ರಮದಿಂದ "ಬನ್ನಿ ಬನ್ನಿ, ಧಣಿಗಳು ಬಂದರು" ಎಂದು ಒಳಗೆ ಕರೆದುಕೊಂಡು ಹೋದರು. ಬಾಳೆಹಣ್ಣಿನ ಪೋಡಿ ಕರಿಯುವ ವಾಸನೆ ಅಂಗಳದವರೆಗೆ ಬಂತು. ಲ್ಯಾನ್ಸಿ ಸ್ಪ್ಯಾನರ್ ತಂದುಕೊಟ್ಟು, ಚಾಕ್ಕೆ ಹೇಳಲು ಒಳಗೆ ಹೋದ. ನಾನು ಕುಕ್ಕರಗಾಲಲ್ಲಿ ಕೂತು ನೋಡಿದರೆ ಒಂದು ನಟ್ಟು ಎಲ್ಲೋ ದಾರಿಯಲ್ಲೇ ಬಿದ್ದುಹೋಗಿತ್ತು. ಉಳಿದವು ಬೆರಳಿಗೆ ತಿರುಗುತ್ತಿದ್ದವು. ಇನ್ನು ಸ್ವಲ್ಪ ಹೋಗಿದ್ದರೆ ಚಕ್ರ ನಮಗಿಂತ ಮೊದಲು ಗ್ಯಾರೇಜು ಮುಟ್ಟುತ್ತಿತ್ತು.

ಒಂದೊಂದಾಗಿ ಬಿಗಿ ಮಾಡಿದೆ. ಕೊನೆಯದಕ್ಕೆ ಸ್ಪ್ಯಾನರಿನ ಮೇಲೆ ಕಾಲಿಟ್ಟು ಒತ್ತುವಾಗ ತಲೆ ಎತ್ತಿದೆ. ಲ್ಯಾನ್ಸಿ ಮೆಟ್ಟಿಲ ಮೇಲೆ ನಿಂತಿದ್ದ. ನಟ್ಟು ಸುತ್ತು ಸುತ್ತು ತಿರುಗಿದ್ದನ್ನು ನೋಡಿದ್ದ.

"ಚಾ ಆಯ್ತು ಶೇಖರಣ್ಣ" ಎಂದ.

ಜಗಲಿಯಲ್ಲಿ ಕೂತೆ. ಕೈಯಲ್ಲಿ ಅವನ ತಾಯಿ ಕೊಟ್ಟ ಚಾ. ಅಕ್ಕ ಕೇಳಿದರು: "ಹೇಳಿ. ಗಾಡಿಯದ್ದಾ, ಇವನದ್ದಾ?"

ಗಾಡಿಯದ್ದು ಎಂದರೆ ಏನು, ಯಾಕೆ, ಯಾರು ಎಂದು ಬರುತ್ತದೆ. ಲ್ಯಾನ್ಸಿಯದ್ದು ಎನ್ನುವಷ್ಟು ಕೆಟ್ಟವನು ನಾನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎರಡೂ ಅಲ್ಲದ ಒಂದು ಉತ್ತರ ಹುಡುಕುತ್ತಿರುವಾಗ ಟಯರಿಗೆ ಅಂಟಿದ್ದ ನಿಂಬೆಯ ಸಿಪ್ಪೆ ಕಣ್ಣಿಗೆ ಬಿತ್ತು.

"ಎರಡೂ ಅಲ್ಲ ಅಕ್ಕಾ. ನಿಂಬೆಹಣ್ಣು. ಎಡದ ಮುಂದಿನ ಚಕ್ರದ್ದು ನೇರ ಒಡೆಯಲಿಲ್ಲ, ಜಾರಿದೆ. ದೋಷ ಚಕ್ರದಲ್ಲೇ ನಿಂತಿತ್ತು. ನಾನು ಎಲ್ಲ ನಟ್ಟಿಗೂ ಸ್ಪ್ಯಾನರ್ ಮುಟ್ಟಿಸಿ ತೆಗೆದೆ."

ಅಕ್ಕನ ಮುಖದಲ್ಲಿ ಭಕ್ತಿ ಮೂಡಿತು. ಅದನ್ನು ಕಂಡು ನನಗೆ ಇನ್ನೂ ಹುರುಪು ಬಂತು. "ಇನ್ನು ಮುಂದೆ ಒಂದು ಸ್ಪ್ಯಾನರನ್ನು ಪೂಜೆಗೆ ಇಡದೆ ಹೊರಗೆ ಇಟ್ಟುಕೊಳ್ಳಿ. ನಿಂಬೆಹಣ್ಣಿನ ಮೇಲೆ ಹತ್ತಿಸಿ, ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಪ್ರತಿಯೊಂದು ನಟ್ಟಿಗೂ ಹಾಕಿ ಒತ್ತಿಸಿ. ಹಾಗೆ ಶಾಸ್ತ್ರ ಉಂಟು."

"ಅಲ್ಲ, ನಾನು ಇಟ್ಟದ್ದು ಸರಿಯಾಗಿಯೇ ಇತ್ತಲ್ಲ" ಎಂದರು ಅಕ್ಕ ನಿಧಾನವಾಗಿ. "ಹತ್ತಿಸಿದ್ದು ಯಾರು?"

ಹತ್ತಿಸಿದವನು ಪೋಡಿಯ ತಟ್ಟೆ ಹಿಡಿದುಕೊಂಡು ನಿಂತಿದ್ದ. ನಾನು ಚಾದೊಳಗೆ ನೋಡಿದೆ. ಲೋಟದಲ್ಲಿ ಅಷ್ಟು ಹೊತ್ತು ನೋಡುವಂಥದ್ದು ಏನೂ ಇರಲಿಲ್ಲ.

ವಾಪಸ್ಸು ಬರುವಾಗ ಗಾಡಿ ಬೆಣ್ಣೆಯ ಹಾಗೆ ಬಂತು. ಮರುದಿನದಿಂದ ಲ್ಯಾನ್ಸಿ ಅಕ್ಕನ ಗಾಡಿಯಲ್ಲಿ ಕಾಣಲಿಲ್ಲ. ತಂಗಿಯ ಮಗ ಬಂದ. ಆಮೇಲೆ ಲ್ಯಾನ್ಸಿ ಕಾರ್ಕಳದಲ್ಲಿ ಯಾರದೋ ಕಲ್ಲಿನ ಗಾಡಿ ಓಡಿಸುತ್ತಾನೆ ಎಂದು ಕೇಳಿದೆ. ಕಟಪಾಡಿ ದಾಟುವಾಗ ಅವನು ಹಾರ್ನ್ ಹೊಡೆಯುತ್ತಿದ್ದ. ನಾನು ಯಾವುದಾದರೂ ಗಾಡಿಯ ಅಡಿಗೆ ತೂರಿಕೊಳ್ಳುತ್ತಿದ್ದೆ.

ನನ್ನ ಶಾಸ್ತ್ರ ಮಾತ್ರ ಬೆಳೆಯಿತು. ವಸಂತಿ ಅಕ್ಕ ದೋಣಿಗಳು ಬಂದು ನಿಲ್ಲುವ ಮೀನಿನ ದಕ್ಕೆಯಲ್ಲಿ ಎಲ್ಲರಿಗೂ ಹೇಳಿದರು. ಮೀನಿನ ಪಿಕಪ್‌ಗಳೆಲ್ಲ ಆಯುಧ ಪೂಜೆಯ ದಿನ ನಿಂಬೆಹಣ್ಣು ಒಡೆದು, ಸ್ವಲ್ಪ ದೂರ ಹೋಗಿ ಸಾಲಾಗಿ ನಿಂತು ನಟ್ಟಿಗೆ ಸ್ಪ್ಯಾನರ್ ಹಾಕುವುದು ರೂಢಿಯಾಯಿತು. ಒಂದು ವರ್ಷ ನಮ್ಮ ಗ್ಯಾರೇಜಿನ ಮುಂದೆಯೇ ಒಬ್ಬ ಡ್ರೈವರ್ ನನಗೆ ವಿವರಿಸಿದ, ಇದು ಅಜ್ಜನ ಕಾಲದಿಂದ ಬಂದದ್ದು ಎಂದು. ಚಕ್ರ ಬಿಚ್ಚಿ ಹಾಕಿದ ಮೇಲೆ ಸ್ವಲ್ಪ ಓಡಿಸಿ ಮತ್ತೊಮ್ಮೆ ನಟ್ಟು ಬಿಗಿ ಮಾಡಬೇಕು ಎಂದು ನಾನು ಎಷ್ಟು ವರ್ಷ ಬಾಯಿ ಬಡಿದುಕೊಂಡರೂ ಮಾಡದ ಜನ, ನಿಂಬೆಹಣ್ಣು ಹೇಳಿದ ಮೇಲೆ ಮಾಡಿದರು.

ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂತವನಿಗೆ ಆ ಚಾದ ಲೋಟ ಆಗಾಗ ಎದುರಿಗೆ ಬರತೊಡಗಿತು. ಕಳೆದ ನವರಾತ್ರಿಯ ಮುಂಚೆ ಬಸ್ಸು ಹತ್ತಿ ಕಾರ್ಕಳಕ್ಕೆ ಹೋದೆ. ಲ್ಯಾನ್ಸಿ ಈಗ ಅಲ್ಲೇ ಮನೆ ಮಾಡಿದ್ದಾನೆ. ತನ್ನದೇ ಪಿಕಪ್ ಇದೆ. ಬಾಗಿಲು ತೆರೆದ ಅವನ ಹೆಂಡತಿಗೆ ನಾನು ಹೆಸರು ಹೇಳಿದೆ.

"ಓ, ನಿಂಬೆಹಣ್ಣಿನ ಶೇಖರಣ್ಣ! ನನ್ನ ಮದುವೆಯನ್ನು ಒಂದು ವರ್ಷ ಮುಂದೆ ಹಾಕಿದವರು. ಬನ್ನಿ, ಕೂತುಕೊಳ್ಳಿ."

ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹೋಗಿತ್ತು. "ಲ್ಯಾನ್ಸಿ, ನಟ್ಟು ನಾನು ಬಿಗಿ ಮಾಡಿರಲಿಲ್ಲ" ಎಂದೆ.

"ಗೊತ್ತುಂಟಲ್ಲ. ನಾನು ನೋಡಿದ್ದೆನಲ್ಲ."

"ಮತ್ತೆ ನೀನು ಅಕ್ಕನಿಗೆ ಯಾಕೆ ಹೇಳಲಿಲ್ಲ ಮಾರಾಯ?"

"ಹೇಳಿದೆ. ಅವತ್ತೇ ಸಂಜೆ ಹೇಳಿದೆ." ಅವನು ನಗುತ್ತಲೇ ಇದ್ದ. "ನಿಂಬೆಹಣ್ಣಿನ ವಿಷಯಕ್ಕೆ ಅವರು ನನಗೆ ಬೈದು ಬಿಟ್ಟಿದ್ದರು, ಕೆಲಸದಿಂದ ತೆಗೆದಿರಲಿಲ್ಲ. ನಟ್ಟಿನ ವಿಷಯ ಹೇಳಿದ ಮೇಲೆ ತೆಗೆದರು. 'ಶೇಖರಣ್ಣ ನಟ್ಟು ಬಿಡುವ ಜನ ಅಲ್ಲ. ನಿನ್ನನ್ನು ಉಳಿಸಲಿಕ್ಕೆ ಅವರು ನಿಂಬೆಹಣ್ಣಿನ ಮೇಲೆ ಹಾಕಿದರು, ನೀನು ಅವರ ಮೇಲೇ ಹಾಕ್ತೀಯಾ? ಸುಳ್ಳು ಹೇಳುವವ ನನಗೆ ಬೇಡ' ಅಂತ."

ಅಷ್ಟು ವರ್ಷ ನಾನು ನನ್ನ ಸುಳ್ಳಿಗಾಗಿ ಪಶ್ಚಾತ್ತಾಪಪಟ್ಟಿದ್ದೆ. ಅವನ ಕೆಲಸ ಹೋದದ್ದು ನನ್ನ ಒಳ್ಳೆಯ ಹೆಸರಿನಿಂದ.

"ಈಗಲೇ ಹೋಗಿ ಅಕ್ಕನಿಗೆ ಹೇಳುವ" ಎಂದೆ. ಅವನು ಬೇಡವೆಂದರೂ ಬಿಡಲಿಲ್ಲ. ಅವನದೇ ಪಿಕಪ್‌ನಲ್ಲಿ ಕಾಪುವಿಗೆ ಹೋದೆವು. ವಸಂತಿ ಅಕ್ಕನಿಗೆ ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಬಾಯಿ ಹಾಗೇ ಇದೆ. ಬಾಳೆಲೆಯಿಂದ ಹಿಡಿದು ಬಿದ್ದುಹೋದ ನಟ್ಟಿನವರೆಗೆ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿ, ಲ್ಯಾನ್ಸಿಯ ಕಡೆ ತಿರುಗಿದರು.

"ನೀನು ಹೇಳಿಕೊಟ್ಟು ಕರಕೊಂಡು ಬಂದದ್ದಾ?"

"ಇಲ್ಲ ಅಕ್ಕಾ, ನಾನು ಬೇಡ ಅಂದೆ."

"ನೋಡು, ಎಷ್ಟು ದೊಡ್ಡ ಮನಸ್ಸು ಇವರದ್ದು" ಎಂದರು ನನ್ನನ್ನು ತೋರಿಸಿ. "ನಿನ್ನ ಬೇಸರ ಹೋಗಲಿ ಅಂತ ಈ ಪ್ರಾಯದಲ್ಲಿ ಬಂದು ಇಲ್ಲದ ತಪ್ಪನ್ನು ಮೈಮೇಲೆ ಹಾಕಿಕೊಳ್ತಾರೆ."

"ಅಕ್ಕಾ, ದೇವರ ಆಣೆ, ನಟ್ಟು ನಾನೇ ಬಿಟ್ಟದ್ದು."

"ಆಯ್ತು ಆಯ್ತು. ಬಂಗುಡೆ ಉಂಟು, ತಾಜಾ. ಇಬ್ಬರೂ ತಕೊಂಡು ಹೋಗಿ."

ಬಂಗುಡೆ ಹಿಡಿದುಕೊಂಡು ಹೊರಗೆ ಬಂದೆವು. ಲ್ಯಾನ್ಸಿಗೆ ನಗು ತಡೆಯಲಾಗಲಿಲ್ಲ. "ಒಮ್ಮೆ ನೀವೇ ಓಡಿಸಿ" ಎಂದು ಕೀ ಕೊಟ್ಟ. ಹೆದ್ದಾರಿಯಲ್ಲಿ ಕಟಪಾಡಿಯ ಕಡೆ ಹೊರಟೆ. ಸ್ವಲ್ಪ ದೂರ ಹೋದಾಗ ಕೈಗೆ ಸಣ್ಣ ನಡುಕ ಬಂತು. ಕೈಗೆ ಬಂದರೆ ಮುಂದೆ. ಈ ಸಲ ಕೂಡಲೇ ಬದಿಗೆ ನಿಲ್ಲಿಸಿದೆ.

"ಲ್ಯಾನ್ಸಿ, ಮುಂದೆ ನಡುಗ್ತಾ ಉಂಟು."

ಅವನು ತನ್ನ ಅಂಗೈಯನ್ನು ಸ್ಟೀರಿಂಗಿನ ಮೇಲಿಟ್ಟ. ಆಮೇಲೆ ನನ್ನ ಕೈಯ ಮೇಲಿಟ್ಟ. "ಗಾಡಿ ನಿಂತಿದೆ ಶೇಖರಣ್ಣ. ಕೈ ಇನ್ನೂ ನಡುಗ್ತಾ ಉಂಟು."

ಹೌದು. ಇಂಜಿನ್ ಬಂದ್ ಆಗಿತ್ತು. ನಡುಕ ನನ್ನ ಕೈಯದ್ದೇ. ಪ್ರಾಯದ್ದು. ಆದರೂ ಅವನು ಸೀಟಿನ ಹಿಂದಿನಿಂದ ಸ್ಪ್ಯಾನರ್ ತೆಗೆದು ನನ್ನ ಕೈಗೆ ಕೊಟ್ಟ. ಅದೇ ಹಳೆಯದು, ರಜೆ ಇಲ್ಲದ್ದು.

"ನಿಲ್ಲಿಸಿದ್ದು ಹೇಗೂ ಆಯ್ತಲ್ಲ. ಒಮ್ಮೆ ಹಾಕಿಬಿಡಿ."

ಮಂಡಿ ಊರಲಾಗದೆ ಬಗ್ಗಿ ನಿಂತು, ಎಡದ ಮುಂದಿನ ಚಕ್ರದ ನಟ್ಟುಗಳಿಗೆ ಒಂದೊಂದಾಗಿ ಸ್ಪ್ಯಾನರ್ ಹಾಕಿದೆ. ಎಲ್ಲವೂ ಬಿಗಿಯಾಗಿಯೇ ಇದ್ದವು. "ಆಯ್ತು" ಎಂದು ಸ್ಪ್ಯಾನರ್ ವಾಪಸ್ಸು ಕೊಟ್ಟೆ.

ಅವನು ಅದನ್ನು ಸೀಟಿನ ಹಿಂದೆ ಇಡಲಿಲ್ಲ. ನನ್ನನ್ನು ಬದಿಗೆ ಸರಿಸಿ, ತಾನು ಕೂತು, ಮೊದಲ ನಟ್ಟಿನಿಂದ ಮತ್ತೆ ಶುರುಮಾಡಿದ. ಬಂಗುಡೆಯ ಚೀಲ ಹಿಡಿದುಕೊಂಡು ಅವನು ಮುಗಿಸುವವರೆಗೆ ಕಾದೆ.